ನಲ್ಲಿ ಸೋರಿದರೆ ಬಾಯ್ಲರ್ ಪ್ರೆಶರ್ ಇಳಿಯಲ್ಲ: ಇಂಗ್ಲೆಂಡಿನಲ್ಲಿ ಬಾಡಿಗೆಗೆ ಇರುವವರು ಓದಿ

ಇಂಗ್ಲೆಂಡಿಗೆ ಹೊಸದಾಗಿ ಬಂದು ಬಾಡಿಗೆ ಮನೆ ಹಿಡಿದವರು ಚಳಿ ಶುರುವಾಗುವ ಮೊದಲೇ ಇದನ್ನು ಓದಿಬಿಡಿ. ಇಲ್ಲಿನ ಹೆಚ್ಚಿನ ಮನೆಗಳಲ್ಲಿ ನೀರು ಕಾಯಿಸುವುದು, ಮನೆ ಬೆಚ್ಚಗಿಡುವುದು ಬಾಯ್ಲರ್ ಅನ್ನುವ ಗ್ಯಾಸ್ ಯಂತ್ರ. ಮನೆಗೆ ಬಂದ ಪ್ಲಂಬರ್ "ನಿಮ್ಮ ನಲ್ಲಿ ಸೋರ್ತಿದೆ, ಅದಕ್ಕೇ ಬಾಯ್ಲರ್ ಪ್ರೆಶರ್ ಇಳಿದಿದೆ" ಅಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಆ ಒಂದು ಮಾತಿಗೆ ನಮ್ಮ 380 ಪೌಂಡ್ ಹೋಯಿತು.

ನಾವಿರುವುದು ಮಿಲ್ಟನ್ ಕೀನ್ಸ್‌ನಲ್ಲಿ. ನವೆಂಬರಿನ ಒಂದು ಶನಿವಾರ ಸಂಜೆ ರೂಮು ಬೆಚ್ಚಗಿಡುವ ರೇಡಿಯೇಟರ್‌ಗಳೆಲ್ಲ ತಣ್ಣಗಾದವು. ಬಾಯ್ಲರ್ ಮೇಲಿನ ಪ್ರೆಶರ್ ಮುಳ್ಳು 0.5 ಬಾರ್‌ಗಿಂತ (ಬಾರ್ ಅಂದರೆ ಪ್ರೆಶರಿನ ಅಳತೆ) ಕೆಳಗಿತ್ತು. ಬಚ್ಚಲಮನೆಯ ಬಿಸಿನೀರಿನ ನಲ್ಲಿಯಂತೂ ಮೊದಲಿಂದಲೇ ತೊಟ್ಟಿಕ್ಕುತ್ತಿತ್ತು. (ಇಲ್ಲಿನ ಹಳೆ ಮನೆಗಳಲ್ಲಿ ಬಿಸಿಗೊಂದು, ತಣ್ಣೀರಿಗೊಂದು ಬೇರೆ ಬೇರೆ ನಲ್ಲಿ. ಒಂದರಲ್ಲಿ ಕೈ ಸುಡುತ್ತೆ, ಇನ್ನೊಂದರಲ್ಲಿ ಮರಗಟ್ಟುತ್ತೆ. ಯಾವ ಪುಣ್ಯಾತ್ಮನ ಐಡಿಯಾನೋ!) ಮನೆ ಬಾಡಿಗೆಗೆ ಕೊಡಿಸಿದ ಏಜೆನ್ಸಿಯ ಆಫೀಸು ಸೋಮವಾರದವರೆಗೆ ಮುಚ್ಚಿತ್ತು. ಗೂಗಲ್‌ನಲ್ಲಿ ಜಾಹೀರಾತಾಗಿ ಮೇಲೆ ಬಂದ ನಂಬರಿಗೆ ಫೋನ್ ಮಾಡಿದೆವು. ಬರೋದಕ್ಕೆ ದುಡ್ಡು ಕೊಡಬೇಕಿಲ್ಲ ಅಂದರು. ಮೊದಲ ಗಂಟೆಗೇ 140 ಪೌಂಡ್ ಅನ್ನುವುದು ಬಂದ ಮೇಲೆ ಗೊತ್ತಾಯಿತು.

ಬಂದವನ ಮಾತು ಬಹಳ ನಯ. ಬಾಯ್ಲರ್ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿದ. ನೀರೆಲ್ಲ ನಲ್ಲಿಯಿಂದ ಹೋಗ್ತಿದೆ ಅಂದ. ಎರಡೂ ನಲ್ಲಿ ಕಿತ್ತು ಹೊಸದು ಹಾಕಿದ, ಬಾಯ್ಲರ್ ಕೆಳಗಿನ ಸಣ್ಣ ತಿರುಪು ತಿರುಗಿಸಿ ಮುಳ್ಳನ್ನು 1.5ಕ್ಕೆ ತಂದ. ಕಾರ್ಡ್ ಉಜ್ಜಿಸಿಕೊಂಡು ಹೋದ.

ಗೀಸರ್, ಹಂಡೆ ನೋಡಿ ಬೆಳೆದ ನಮಗೆ ಇದು ಸರಿ ಅನ್ನಿಸುವುದು ಸಹಜ, ಅಲ್ವಾ? ಆದರೆ ಇಲ್ಲಿನ ಕಾಂಬಿ ಬಾಯ್ಲರ್‌ನಲ್ಲಿ (ರೇಡಿಯೇಟರ್‌ಗೂ ನಲ್ಲಿಯ ಬಿಸಿನೀರಿಗೂ ಒಂದೇ ಯಂತ್ರ) ಎರಡು ಬೇರೆ ನೀರು ಓಡುತ್ತವೆ. ರೇಡಿಯೇಟರ್‌ಗಳದು ಮುಚ್ಚಿದ ದಾರಿ, ಅದೇ ನೀರು ಸುತ್ತುತ್ತಾ ಇರುತ್ತದೆ. ಮುಳ್ಳು ತೋರಿಸುವುದು ಅದರ ಪ್ರೆಶರ್. ನಲ್ಲಿಯದು ಬೀದಿಯ ಪೈಪಿನಿಂದ ಬಂದು, ಬಾಯ್ಲರ್‌ನಲ್ಲಿ ಬಿಸಿಯಾಗಿ ಹಾಗೇ ಹೋಗುವ ನೀರು. ನಲ್ಲಿ ವರ್ಷವಿಡೀ ಸೋರಿದರೂ ನೀರಿನ ಬಿಲ್ ಏರಬಹುದು, ಮುಳ್ಳು ಇಳಿಯಲ್ಲ.

ಭಾನುವಾರ ಬೆಳಗ್ಗೆ ಮುಳ್ಳು 3 ಬಾರ್ ದಾಟಿ ಕೆಂಪಿನಲ್ಲಿ ನಿಂತಿತ್ತು. ಹೊರಗೋಡೆಯಿಂದ ಇಣುಕುವ ತಾಮ್ರದ ಪೈಪಿನಿಂದ ನೀರು ಸುರಿಯುತ್ತಿತ್ತು. ಪುಣ್ಯಾತ್ಮ ಆ ತಿರುಪನ್ನು ಪೂರ್ತಿ ಮುಚ್ಚಿರಲಿಲ್ಲ. ಅದಕ್ಕೆ ಫಿಲ್ಲಿಂಗ್ ಲೂಪ್ ಅಂತಾರೆ. ನೀರು ತುಂಬಿದ ಮೇಲೆ ಅದನ್ನು ಬಿಗಿಯಾಗಿ ಮುಚ್ಚಲೇಬೇಕು. ಇಲ್ಲದಿದ್ದರೆ ನೀರು ಒಳಗೆ ಹೋಗುತ್ತಲೇ ಇರುತ್ತದೆ. 3 ಬಾರ್ ಆದಾಗ ಸೇಫ್ಟಿ ವಾಲ್ವ್ ತೆರೆದುಕೊಂಡು ಹೊರಗೆ ಚೆಲ್ಲುತ್ತದೆ. ಒಮ್ಮೆ ತೆರೆದ ವಾಲ್ವ್ ಎಷ್ಟೋ ಸಲ ಮತ್ತೆ ಸರಿಯಾಗಿ ಕೂರುವುದೇ ಇಲ್ಲ. ನಮ್ಮದೂ ಕೂರಲಿಲ್ಲ. ಫೋನ್ ಮಾಡಿದರೆ ಆತ ಹೇಳಿದ್ದೇನು ಗೊತ್ತಾ? "ಬಾಯ್ಲರ್ ಹಳೆಯದಾಗಿದೆ, ಹೊಸದು ಹಾಕಿಸಿ, 2,800 ಪೌಂಡ್."

ಏಜೆನ್ಸಿ ಕಳಿಸಿದ ಎಂಜಿನಿಯರ್ ಬಾಯ್ಲರ್ ಹತ್ತಿರ ಹೋಗುವ ಮುಂಚೆ ಮನೆಯ ಒಂದೊಂದು ರೇಡಿಯೇಟರ್ ಬುಡಕ್ಕೂ ಟಿಶ್ಯೂ ಒತ್ತುತ್ತಾ ಬಂದರು. ಹಿಂದಿನ ರೂಮಿನಲ್ಲಿ ಮಂಚದ ಮರೆಯಲ್ಲಿದ್ದ ವಾಲ್ವ್ ಹತ್ತಿರ ಟಿಶ್ಯೂ ಒದ್ದೆಯಾಯಿತು. ಹಿತ್ತಾಳೆ ನಟ್ ಸುತ್ತ ಹಸಿರು ಬಿಳಿ ಪಾಚಿಯಂಥ ಪುಡಿ ಕಟ್ಟಿತ್ತು, ಕೆಳಗಿನ ಕಾರ್ಪೆಟ್ ತೇವವಾಗಿತ್ತು. ಪ್ರೆಶರ್ ಹೋಗುತ್ತಿದ್ದುದು ಅಲ್ಲಿಂದ. ನಟ್ ಬಿಗಿ ಮಾಡಿ, ಸೇಫ್ಟಿ ವಾಲ್ವ್ ಬದಲಾಯಿಸಿ ಹೋದರು.

ತಣ್ಣಗಿರುವಾಗ ಮುಳ್ಳು ಸಾಮಾನ್ಯವಾಗಿ 1ರಿಂದ 1.5ರ ನಡುವೆ ಇರಬೇಕು. ವರ್ಷಕ್ಕೊಮ್ಮೆ ಇಳಿದರೆ ತುಂಬಿಕೊಂಡರಾಯಿತು. ವಾರಕ್ಕೊಮ್ಮೆ ಇಳಿದರೆ ನೀರು ಎಲ್ಲೋ ಹೋಗುತ್ತಿದೆ, ಸುಮ್ನೆ ತುಂಬುತ್ತಾ ಕೂರಬೇಡಿ. ತಣ್ಣಗಿದ್ದಾಗ ತೀರಾ ಕಡಿಮೆ, ಬಿಸಿಯಾದಾಗ 3ರ ಹತ್ತಿರ ಹೋದರೆ ಎಕ್ಸ್‌ಪಾನ್ಶನ್ ವೆಸೆಲ್‌ನ (ಬಿಸಿಯಾಗಿ ಹಿಗ್ಗಿದ ನೀರಿಗೆ ಜಾಗ ಕೊಡುವ, ಗಾಳಿ ತುಂಬಿದ ಡಬ್ಬಿ) ಗಾಳಿ ಹೋಗಿರುವ ಸಾಧ್ಯತೆ ಜಾಸ್ತಿ. ಅದನ್ನೂ ಸರಿಮಾಡಬಹುದು, ಅಷ್ಟಕ್ಕೇ ಹೊಸ ಬಾಯ್ಲರ್ ಬೇಡ.

ಬಾಯ್ಲರ್ ಮುಚ್ಚಳಕ್ಕೆ ಕೈ ಹಾಕುವವರ ಹತ್ತಿರ ಗ್ಯಾಸ್ ಸೇಫ್ ಕಾರ್ಡ್ ಕೇಳಿ. 2009ರಿಂದ ಇಲ್ಲಿ ಗ್ಯಾಸ್ ಕೆಲಸ ಮಾಡುವವರು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಇರಲೇಬೇಕು. ಕಾರ್ಡಿನಲ್ಲಿ ಫೋಟೋ, ನಂಬರ್ ಇರುತ್ತದೆ. ಯಾವ್ಯಾವ ಕೆಲಸಕ್ಕೆ ಅರ್ಹತೆ ಇದೆ ಅನ್ನುವುದು ಹಿಂಬದಿಯಲ್ಲಿರುತ್ತದೆ. ಆ ನಂಬರನ್ನು ಗ್ಯಾಸ್ ಸೇಫ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ನಮ್ಮ ಮನೆಗೆ ಬಂದವನ ಹೆಸರು ಅಲ್ಲಿ ಸಿಗಲೇ ಇಲ್ಲ. ಕೇಳಲು ಸಂಕೋಚ ಬೇಡ, ನಿಜವಾದ ಎಂಜಿನಿಯರ್ ಬೇಜಾರು ಮಾಡಿಕೊಳ್ಳಲ್ಲ.

ಬಾಡಿಗೆಯವರಿಗೆ ಇನ್ನೊಂದು ಮಾತು. ಹೀಟಿಂಗ್, ಬಿಸಿನೀರಿನ ರಿಪೇರಿ ಸಾಮಾನ್ಯವಾಗಿ ಮನೆ ಮಾಲೀಕರ ಜವಾಬ್ದಾರಿ, 1985ರ ಕಾನೂನಿನಲ್ಲೇ ಇದೆ. ಮೊದಲು ಅವರಿಗೆ ಇಮೇಲ್ ಹಾಕಿ. ರಜಾ ದಿನದ ತುರ್ತು ನಂಬರ್ ಕೊಟ್ಟಿದ್ದಾರಾ ಅಂತ ಇವತ್ತೇ ಅಗ್ರಿಮೆಂಟ್ ತೆಗೆದು ನೋಡಿ. ಸೇಫ್ಟಿ ವಾಲ್ವ್ ಖರ್ಚು ಮಾಲೀಕರು ಕೊಟ್ಟರು. ನಲ್ಲಿಯ ದುಡ್ಡು ಕೊಡಲಿಲ್ಲ, ಒಪ್ಪಿಗೆ ಇಲ್ಲದೆ ಮಾಡಿಸಿದ್ದು ಅಂದರು. ಆ ಹಳೆ ನಲ್ಲಿಯ ಫೋಟೋ ನೋಡಿದ ಎಂಜಿನಿಯರ್, ಒಳಗಿನ ರಬ್ಬರ್ ವಾಷರ್ ಬದಲಾಯಿಸಿದ್ದರೆ ಸಾಕಿತ್ತು ಅಂದರು. ತೋರಿಸೋಣ ಅಂದರೆ ಹಳೆ ನಲ್ಲಿಗಳೇ ಇಲ್ಲ, ಅವನ್ನೂ ಆತ ಚೀಲಕ್ಕೆ ಹಾಕಿಕೊಂಡು ಹೋಗಿದ್ದ. ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಮೂಲಕ ದೂರು ಕೊಟ್ಟಿದ್ದೇವೆ, ದುಡ್ಡು ಇನ್ನೂ ಬಂದಿಲ್ಲ.