ದೀಪದ ಎಣ್ಣೆಯಿಂದ ಏಳನೆಯ ವರ್ಷದವರೆಗೆ: ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ಯಹೂದಿ ಧಾರ್ಮಿಕ ಪರಂಪರೆಯನ್ನು ಪರಿಸರ ಚಿಂತನೆಯೊಂದಿಗೆ ಜೋಡಿಸುವ ಈ ಕೋರ್ಸು, ಮುತ್ತಿಗೆ ಹಾಕಿದ ಪಟ್ಟಣದ ಸುತ್ತಲಿನ ಹಣ್ಣಿನ ಮರಗಳನ್ನು ಕಡಿಯಬಾರದೆನ್ನುವ, ಬೈಬಲಿನ ಧರ್ಮೋಪದೇಶಕಾಂಡದ 20ನೆಯ ಅಧ್ಯಾಯದಿಂದ ಆರಂಭವಾಗುತ್ತದೆ. ಆ ಒಂದು ಯುದ್ಧನಿಯಮವೇ ಮುಂದೆ ಯಹೂದಿ ಧರ್ಮಗುರುಗಳಾದ ರಬ್ಬಿಗಳ ಕೈಯಲ್ಲಿ ‘ಬಲ್ ತಶ್‌ಹೀತ್’, ಅಂದರೆ ಯಾವುದನ್ನೂ ವೃಥಾ ಹಾಳುಮಾಡಬಾರದೆಂಬ ವ್ಯಾಪಕ ವಿಧಿಯಾಗಿ ಬೆಳೆದ ಬಗೆಯನ್ನು ಬೋಧಕರು ಸಾವಧಾನವಾಗಿ ಬಿಡಿಸಿ ತೋರಿಸುತ್ತಾರೆ. ಎಣ್ಣೆಯ ದೀಪವನ್ನು ಮುಚ್ಚಿಟ್ಟು ಎಣ್ಣೆ ಬೇಗನೆ ಉರಿದುಹೋಗುವಂತೆ ಮಾಡುವುದೂ ಈ ವಿಧಿಯ ಉಲ್ಲಂಘನೆಯೇ ಎನ್ನುವ, ಯಹೂದಿ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದಿನ ಮಾತಿನ ಮೇಲೆ ನಡೆದ ಪಾಠ ನನ್ನ ಮಟ್ಟಿಗೆ ಇಡೀ ಕೋರ್ಸಿನ ಜೀವಾಳ. ಇಂಧನ ಮಿತವ್ಯಯದ ಪ್ರಶ್ನೆ ಇಷ್ಟು ಹಳೆಯದೆಂದು ನಾನು ಎಣಿಸಿರಲಿಲ್ಲ.

ಏಳು ವರ್ಷಕ್ಕೊಮ್ಮೆ ಇಸ್ರೇಲಿನ ಭೂಮಿಯನ್ನು ಬೀಳುಬಿಡುವ ಶ್ಮಿತಾದ ಪಾಠವೂ ಗಟ್ಟಿಯಾಗಿದೆ. ಆದರೆ 2021–22ರ ಶ್ಮಿತಾ ವರ್ಷವನ್ನು ಪ್ರಸ್ತಾಪಿಸಿಯೂ, ಆ ಅವಧಿಗೆ ಜಮೀನನ್ನು ಯಹೂದ್ಯೇತರರಿಗೆ ಔಪಚಾರಿಕವಾಗಿ ಮಾರಿ ಸಾಗುವಳಿ ಮುಂದುವರಿಸುವ ಪದ್ಧತಿಯನ್ನೂ ಅದರ ಸುತ್ತಲಿನ ರಬ್ಬಿಗಳ ಭಿನ್ನಮತವನ್ನೂ ಎರಡೇ ವಾಕ್ಯಗಳಲ್ಲಿ ಮುಗಿಸಿರುವುದು ಸರಿಯಲ್ಲ. ಆದರ್ಶಕ್ಕೂ ರೈತನ ಬದುಕಿಗೂ ನಿಜವಾದ ತಿಕ್ಕಾಟವಿರುವುದು ಅಲ್ಲಿಯೇ. ಮರಗಳ ಹೊಸವರ್ಷವಾದ ತೂ ಬಿಶ್ವಾತ್ ಕುರಿತ ಕೊನೆಯ ಪಾಠ ಚಿಕ್ಕದು, ಹಿತವಾದದ್ದು. ಹೀಬ್ರೂ ಬಾರದವರೂ ನಿಸ್ಸಂಕೋಚವಾಗಿ ಸೇರಬಹುದು, ಏಕೆಂದರೆ ಪ್ರತಿಯೊಂದು ಮೂಲವಾಕ್ಯವನ್ನೂ ಪದಶಃ ವಿವರಿಸಲಾಗಿದೆ.