ಹಳೆ ಕಾರಿನ ಎಸಿಗೆ ಎರಡು ಮೀಟರಿನ ಗೇಜ್ ಸೆಟ್: ಒಂದು ಬೇಸಿಗೆ ಬಳಸಿ ನೋಡಿದ ಮೇಲೆ

ನನ್ನ ಕಾರಿಗೆ ಈಗ 17 ವರ್ಷ. ಇಂಜಿನ್ ಇನ್ನೂ ಗಟ್ಟಿಯಾಗಿದೆ. ಎಸಿ ಮಾತ್ರ ಎರಡು ವರ್ಷದಿಂದ ಕೈ ಕೊಡುತ್ತಿತ್ತು. ಮೊದಲ ಸಲ ತಂಪು ಕಡಿಮೆಯಾದಾಗ ಸಣ್ಣ ಮೀಟರ್ ಇರುವ ಗ್ಯಾಸ್ ಡಬ್ಬಿ ತಂದೆ. ಮುಳ್ಳು ಹಸಿರು ಪಟ್ಟಿಗೆ ಬರುವ ತನಕ ತುಂಬಿಸಿ ಅಂತ ಅದರ ಮೇಲೆ ಬರೆದಿತ್ತು. ತುಂಬಿಸಿದೆ. ಮೂರು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಬಿಸಿ ಗಾಳಿ.

ಇನ್ನೊಂದು ಡಬ್ಬಿ ತರಲು ಮನಸ್ಸಾಗಲಿಲ್ಲ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವಂಥದ್ದಲ್ಲ, ಒಳಗೇ ಸುತ್ತುತ್ತಿರುತ್ತದೆ. ಹಳೆ ಕಾರಿನಲ್ಲಿ ವರ್ಷಕ್ಕೆ ಒಂಚೂರು ಹೋಗಬಹುದು. ಮೂರು ವಾರಕ್ಕೆ ಖಾಲಿಯಾಯಿತು ಅಂದರೆ ಎಲ್ಲೋ ಸೋರುತ್ತಿದೆ, ಅಲ್ವಾ? ಹಾಗಾಗಿ ಒಳಗಿನ ಒತ್ತಡ ಅಳೆಯುವ ಈ ಗೇಜ್ ಸೆಟ್ ಕೊಂಡೆ. ನೀಲಿ ಮೀಟರ್ ಕಡಿಮೆ ಒತ್ತಡದ ಕಡೆಗೆ, ಕೆಂಪು ಮೀಟರ್ ಹೆಚ್ಚು ಒತ್ತಡದ ಕಡೆಗೆ. ನಡುವಿನ ಹಳದಿ ಪೈಪು ಡಬ್ಬಿಗೆ ಅಥವಾ ಒಳಗಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪಿಗೆ.

ಮೊದಲ ಉಪಯೋಗ ಇಂಜಿನ್ ಆಫ್ ಇದ್ದಾಗಲೇ ಆಯಿತು. ಹೊರಗೆ 30 ಡಿಗ್ರಿ ಇತ್ತು. ಒಳಗೆ ಆರ್‌-134ಎ (ನನ್ನ ಕಾರಿನ ಎಸಿ ಗ್ಯಾಸ್) ದ್ರವವಾಗಿ ಸ್ವಲ್ಪವಾದರೂ ಉಳಿದಿದ್ದರೆ, ಅಷ್ಟು ಬಿಸಿಗೆ ಎರಡೂ ಮೀಟರ್ ಸುಮಾರು 97 ಪಿಎಸ್‌ಐ (ಒತ್ತಡದ ಅಳತೆ) ತೋರಿಸಬೇಕು. ನನ್ನದರಲ್ಲಿ 50. ಅಂದರೆ ಗ್ಯಾಸ್ ಬಹುತೇಕ ಹೋಗಿಬಿಟ್ಟಿದೆ. ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರನ್ನು ಇಂಜಿನ್‌ಗೆ ಜೋಡಿಸುವ ಕ್ಲಚ್ ಟಕ್ ಅಂತ ಹಿಡಿದು ಎರಡೇ ಸೆಕೆಂಡಿಗೆ ಬಿಡುತ್ತಿದ್ದ ಕಾರಣವೂ ಆಗ ಗೊತ್ತಾಯಿತು. ಗ್ಯಾಸ್ ಕಡಿಮೆಯಾದರೆ ಕಂಪ್ರೆಸರಿಗೆ ಎಣ್ಣೆಯೂ ಸರಿಯಾಗಿ ಸಿಗುವುದಿಲ್ಲ. ಅದಕ್ಕೇ ಪ್ರೆಶರ್ ಸ್ವಿಚ್ ಅದನ್ನು ನಿಲ್ಲಿಸಿಬಿಡುತ್ತದೆ.

ಲೀಕ್ ಹುಡುಕಲು ಹಳೆ ಡಬ್ಬಿಯೇ ನೆರವಾಯಿತು. ಅದರಲ್ಲಿ ಯುವಿ ಬಣ್ಣ ಬೆರೆಸಿದ್ದರು. ರಾತ್ರಿ ಯುವಿ ಟಾರ್ಚ್ ಹಿಡಿದಾಗ ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರಿಗೆ ಪೈಪು ಸೇರುವ ಜಾಗ ಹಳದಿ ಹಸಿರಾಗಿ ಹೊಳೆಯಿತು. ಹಗಲಿನಲ್ಲಿ ನೋಡಿದರೆ ಅಲ್ಲೇ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿಕೊಂಡಿತ್ತು. ಸಂದಿ ಮುಚ್ಚುವ ಒಂದು ರಬ್ಬರ್ ಓ-ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಅಷ್ಟೇ. ಉಳಿದಿದ್ದ ಗ್ಯಾಸನ್ನು ಗ್ಯಾರೇಜಿನಲ್ಲಿ ಮಷೀನ್ ಹಾಕಿ ತೆಗೆಸಿದೆ. ದಯವಿಟ್ಟು ಅದನ್ನು ಸುಮ್ನೆ ಗಾಳಿಗೆ ಬಿಡಬೇಡಿ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರಪಟ್ಟಿಗೂ ಜಾಸ್ತಿ.

ಓ-ರಿಂಗ್, ತೇವ ಹೀರುವ ಡ್ರೈಯರ್ ಎರಡನ್ನೂ ಬದಲಿಸಿ 45 ನಿಮಿಷ ವ್ಯಾಕ್ಯೂಮ್ ಎಳೆದೆ. ಈ ಕೆಲಸ ಬಿಡಲೇಬಾರದು. ಒಳಗೆ ತೇವ ಉಳಿದರೆ ಗ್ಯಾಸಿನ ಒತ್ತಡ ಇಳಿಸುವ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಹಿಮಗಟ್ಟುತ್ತದೆ. ಆಮೇಲೆ ಎರಡೂ ವಾಲ್ವ್ ಮುಚ್ಚಿ ಅರ್ಧ ಗಂಟೆ ಕಾದೆ. ಮುಳ್ಳು ಅಲುಗಾಡಲಿಲ್ಲ, ಅಂದರೆ ದೊಡ್ಡ ಲೀಕ್ ಉಳಿದಿಲ್ಲ.

ಗ್ಯಾಸನ್ನು ತೂಕ ಮಾಡಿಯೇ ಹಾಕಿದೆ. ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ 480 ಗ್ರಾಂ ಅಂತಿತ್ತು, ಅಡುಗೆಮನೆಯ ತಕ್ಕಡಿ ಮೇಲೆ ಡಬ್ಬಿ ಇಟ್ಟುಕೊಂಡೆ. ಕಂಪ್ರೆಸರ್ ಓಡುವಾಗ ಕೆಂಪು ವಾಲ್ವ್ ಮುಟ್ಟಲೇಬೇಡಿ. ಆ ಕಡೆಯ ಒತ್ತಡ ನುಗ್ಗಿದರೆ ಡಬ್ಬಿ ಸಿಡಿಯಬಹುದು. ಕೊನೆಗೆ ನೀಲಿಯಲ್ಲಿ 32, ಕೆಂಪಿನಲ್ಲಿ 210. ಹೊರಗೆ 33 ಡಿಗ್ರಿ ಇದ್ದಾಗ ಒಳಗೆ ಬರುತ್ತಿದ್ದ ಗಾಳಿ 7 ಡಿಗ್ರಿ. ಎಷ್ಟು ಖುಷಿಯಾಯಿತು ಅಂದರೆ, ಸುಮ್ನೆ ಕಾರಿನಲ್ಲೇ ಕೂತಿದ್ದೆ.

ಈ ಸೆಟ್ ನಿಜವಾಗಿ ನೆರವಿಗೆ ಬಂದದ್ದು ಎರಡು ತಿಂಗಳ ನಂತರ. ಕಾರು ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತರೆ ಸೆಕೆ. ನಿಲ್ಲಿಸಿ ನೋಡಿದರೆ ನೀಲಿ 55, ಕೆಂಪು 320 ದಾಟಿ ಏರುತ್ತಿದೆ. ಎರಡೂ ಒಟ್ಟಿಗೆ ಏರಿದರೆ ಒಂದೋ ಗ್ಯಾಸ್ ಜಾಸ್ತಿಯಾಗಿದೆ, ಇಲ್ಲವೇ ಕಂಡೆನ್ಸರಿನ ಬಿಸಿ ಹೊರಗೆ ಹೋಗುತ್ತಿಲ್ಲ. ತೂಕ ಮಾಡಿ ಹಾಕಿದ್ದರಿಂದ ಮೊದಲನೆಯದರ ಅನುಮಾನ ಇರಲಿಲ್ಲ. ಬಗ್ಗಿ ನೋಡಿದೆ, ಕಂಡೆನ್ಸರ್ ಫ್ಯಾನ್ ತಿರುಗುತ್ತಲೇ ಇಲ್ಲ. ಅದಕ್ಕೆ ಕರೆಂಟ್ ಕೊಡುವ ರಿಲೇ ಹೋಗಿತ್ತು. ಡಬ್ಬಿಯ ಒಂದೇ ಮೀಟರ್ ನಂಬಿದ್ದರೆ ಗ್ಯಾಸ್ ಜಾಸ್ತಿಯಾಗಿದೆ ಅಂದುಕೊಂಡು, ಸರಿಯಾಗಿದ್ದ ಗ್ಯಾಸನ್ನೇ ತೆಗೆಸುತ್ತಿದ್ದೆ.

ಕೊರತೆಗಳೂ ಇವೆ. ಪೈಪುಗಳು ಗಿಡ್ಡ. ಪೈಪನ್ನು ಕಾರಿಗೆ ಸಿಕ್ಕಿಸುವ ಕೆಂಪು ಕಪ್ಲರ್ ತುಂಬ ಬಿಗಿ, ತೆಗೆಯುವಾಗ ಗ್ಯಾಸ್ ಚಿಮ್ಮಿ ಬೆರಳು ಮರಗಟ್ಟಿತು. ಆರ್‌-134ಎ ಕುದಿಯುವುದೇ ಮೈನಸ್ 26 ಡಿಗ್ರಿಯಲ್ಲಿ, ಹಾಗಾಗಿ ಕೈಗವಸು, ಕನ್ನಡಕ ಎರಡೂ ಬೇಕು. ವ್ಯಾಕ್ಯೂಮ್ ಭಾಗದ ಗೆರೆಗಳು ಒತ್ತೊತ್ತಾಗಿವೆ, ಸಣ್ಣ ಲೀಕ್ ಅದರಲ್ಲಿ ಕಾಣುವುದಿಲ್ಲ. ಜೊತೆಗೆ ಬಂದ ಕೈಪಿಡಿಯೂ ಸಾಲದು. ಕೊಂಡ ದಿನವೇ ಮುಳ್ಳುಗಳು ಸೊನ್ನೆಯಲ್ಲಿವೆಯಾ ನೋಡಿ. ನನ್ನದು 4 ಪಿಎಸ್‌ಐ ಮೇಲಿತ್ತು, ಡಯಲಿನ ಸಣ್ಣ ಸ್ಕ್ರೂ ತಿರುಗಿಸಿ ಸರಿ ಮಾಡಿಕೊಂಡೆ.

ಇದು ಆರ್‌-134ಎ ಕಾರುಗಳಿಗೆ ಮಾತ್ರ. 1990ರ ದಶಕದ ಮೊದಲಿನ ಕಾರುಗಳಲ್ಲಿ ಆರ್‌-12 ಅನ್ನುವ ಬೇರೆ ಗ್ಯಾಸ್ ಇರುತ್ತದೆ, ಈಚಿನ ಹಲವು ಕಾರುಗಳಲ್ಲಿ ಆರ್‌-1234ವೈಎಫ್. ಅವುಗಳ ಬಾಯಿಗೆ ಈ ಕಪ್ಲರ್ ಕೂರುವುದೇ ಇಲ್ಲ. ಬಾನೆಟ್ ಕೆಳಗಿನ ಸ್ಟಿಕ್ಕರ್ ನೋಡಿಯೇ ಕೊಳ್ಳಿ.