ಲ್ವಾರ್ ದಂಡೆಯ ಸೈಕಲ್ ದಾರಿ: ಒಬ್ಬ ಸೈಕಲ್ ಅಂಗಡಿಯವನ ರಿವ್ಯೂ

ಮಂಡಿ ನೋವು, ಏರು ಕಂಡರೆ ಭಯ, ಆದರೂ ಸೈಕಲ್ ಮೇಲೆ ಕೂತು ಒಂದು ದೇಶ ನೋಡುವ ಆಸೆ. ಇಂಥವರಿಗೆ ಫ್ರಾನ್ಸಿನ ಲ್ವಾರ್ ನದಿ ದಂಡೆ ಹೇಳಿ ಮಾಡಿಸಿದ ಜಾಗ. ದಾರಿಗೆ ನನ್ನಿಂದ ಪೂರ್ತಿ ಮಾರ್ಕ್ಸು. ಬಾಡಿಗೆ ಸೈಕಲ್ಲಿಗೆ ಮುಕ್ಕಾಲು. ಊಟಕ್ಕೆ, ಸಸ್ಯಾಹಾರಿಗಳ ಲೆಕ್ಕದಲ್ಲಿ, ಜಸ್ಟ್ ಪಾಸು. ಲಗೇಜ್ ಸಾಗಿಸಿದ ಕಂಪನಿಯ ಕಥೆ ಬೇರೆ ಇದೆ, ಮುಂದೆ ಬರುತ್ತದೆ.

ದಾವಣಗೆರೆ ಮಂಡಿಪೇಟೆ ಹತ್ತಿರ ನಮ್ಮದು ಸೈಕಲ್ ಅಂಗಡಿ. ಅಪ್ಪಾಜಿ ಹಾಕಿದ್ದು. ಹುಟ್ಟಿದಾಗಿನಿಂದ ಗ್ರೀಸು, ರಿಮ್ಮು, ಕಡ್ಡಿ ನೋಡುತ್ತಾ ಬೆಳೆದವನು ನಾನು. ಹಾಗಾಗಿ ಅರಮನೆಗಳ ವರ್ಣನೆ ನನ್ನಿಂದ ಜಾಸ್ತಿ ನಿರೀಕ್ಷೆ ಮಾಡಬೇಡಿ. ಮಗಳು ಪ್ಯಾರಿಸ್‌ನಲ್ಲಿ ಓದುತ್ತಿದ್ದಾಳೆ. "ಇಷ್ಟು ವರ್ಷ ಬೇರೆಯವರ ಸೈಕಲ್ ರಿಪೇರಿ ಮಾಡಿದ್ದು ಸಾಕು ಅಪ್ಪಾಜಿ, ಒಂದ್ಸಲ ನೀವೂ ಹೊಡೀರಿ" ಅಂತ ಅವಳೇ ಎಲ್ಲ ಬುಕ್ ಮಾಡಿದಳು. ಹೋಗಿದ್ದು ನಾನು ಮತ್ತು ನನ್ನ ಹೆಂಡತಿ.

ದಾರಿಯ ಹೆಸರು ಲಾ ಲ್ವಾರ್ ಆ ವೆಲೊ. ಒಟ್ಟು ಸುಮಾರು 900 ಕಿ.ಮೀ. ನೆವೇರ್ ಪಟ್ಟಣದ ಹತ್ತಿರ ಶುರುವಾಗಿ ನದಿಯ ಜೊತೆಗೇ ಸಾಗಿ ಅಟ್ಲಾಂಟಿಕ್ ಸಮುದ್ರದ ದಡದ ಸೇಂ-ಬ್ರೆವಾಂ ತನಕ ಹೋಗುತ್ತದೆ. ಇದರ ಬಹುಪಾಲು ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರಕ್ಕೆ ಹೋಗುವ ಯೂರೊವೆಲೊ 6 ಅನ್ನುವ ದೊಡ್ಡ ಸೈಕಲ್ ದಾರಿಯ ಭಾಗವೂ ಹೌದು. ಅಷ್ಟೂ ಹೊಡೆಯಲು ನಮಗೇನು ಹುಚ್ಚೇ? ಸೊಮ್ಯೂರ್‌ನಿಂದ ಬ್ಲ್ವಾ ತನಕದ ನಡುವಿನ ತುಂಡು ಮಾತ್ರ ಆರಿಸಿಕೊಂಡೆವು. ಹಳ್ಳಿ, ದ್ರಾಕ್ಷಿ ತೋಟ, ಕೋಟೆ, ಅರಮನೆ ಎಲ್ಲ ದಟ್ಟವಾಗಿ ಸಿಗುವುದು ಇಲ್ಲೇ. ಸುಲ್ಲಿಯಿಂದ ಶಾಲೋನ್ ತನಕದ ಈ ಕಣಿವೆ 2000ನೇ ಇಸವಿಯಿಂದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲೂ ಇದೆ.

ಹೆಚ್ಚಿನವರು ನದಿ ಹರಿಯುವ ದಿಕ್ಕಿಗೇ ಹೋಗುತ್ತಾರೆ. ಇಳಿಜಾರು ಸಿಗುತ್ತದೆ ಅನ್ನುವ ಲೆಕ್ಕ. ಆದರೆ ಆ ಇಳಿಜಾರು ಕಾಲಿಗೆ ಗೊತ್ತೇ ಆಗುವುದಿಲ್ಲ, ಅಷ್ಟು ಸಪಾಟು. ಗೊತ್ತಾಗುವುದು ಗಾಳಿ. ಅಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ, ಸಮುದ್ರದ ಕಡೆಯಿಂದ ಬೀಸುತ್ತದೆ. ಹಾಗಾಗಿ ನಾವು ಸೊಮ್ಯೂರ್‌ನಲ್ಲಿ ಶುರುಮಾಡಿ ಮೂಡಣಕ್ಕೆ ಹೊರಟೆವು. ಗಾಳಿ ಬೆನ್ನಿಗೆ. ಎದುರು ಬರುತ್ತಿದ್ದವರು ಹ್ಯಾಂಡಲ್ ಮೇಲೆ ಬಗ್ಗಿ ಏದುಸಿರು ಬಿಡುತ್ತಿದ್ದರೆ ನನ್ನ ಹೆಂಡತಿ ಕೈ ಬೀಸಿ "ಬೊಂಜೂರ್" ಹೇಳುತ್ತಾ ಹೋಗುತ್ತಿದ್ದಳು. ಅಂದಹಾಗೆ ಈ ಬೊಂಜೂರ್ ಬಹಳ ಮುಖ್ಯ. ಅಂಗಡಿಗೆ ಕಾಲಿಟ್ಟ ಕೂಡಲೇ ಅದನ್ನು ಹೇಳದೆ ನೇರ ರೇಟು ಕೇಳಿದರೆ ಮುಖ ಗಂಟಿಕ್ಕುತ್ತಾರೆ.

ಇನ್ನು ಸೈಕಲ್. ಬಾಡಿಗೆ ಅಂಗಡಿಯಲ್ಲಿ ನನಗೆ ಮಾಮೂಲಿ ಸೈಕಲ್, ಅವಳಿಗೆ ಬ್ಯಾಟರಿದು. ಬ್ಯಾಟರಿದಕ್ಕೆ ಬಾಡಿಗೆ ಹೆಚ್ಚುಕಡಿಮೆ ಡಬಲ್. ಅಲ್ಲಿನ ಕಾನೂನಿನಂತೆ ಮೋಟಾರು 250 ವಾಟ್, ಗಂಟೆಗೆ 25 ಕಿ.ಮೀ ದಾಟಿದರೆ ಅದು ಸಹಾಯ ಮಾಡುವುದು ನಿಲ್ಲಿಸುತ್ತದೆ. ಪೆಡಲ್ ತುಳಿಯದೆ ಸುಮ್ನೆ ಕೂತರೆ ಓಡುವುದಿಲ್ಲ. ನನ್ನ ಸೈಕಲ್ಲಿನ ಗೇರು ಹಿಂದಿನ ಚಕ್ರದ ನಡುವಿನ ಹಬ್ಬಿನ ಒಳಗೇ ಇತ್ತು. ಹೊರಗೆ ಒಂದೇ ಪಲ್ಲೆ (ಹಲ್ಲಿನ ಚಕ್ರ), ಒಂದೇ ಚೈನು. ಚೈನು ಕಳಚುವ ರಗಳೆ ಇಲ್ಲ. ನಿಂತ ಜಾಗದಲ್ಲೇ ಗೇರು ಬದಲಿಸಬಹುದು. ಮುಂದಿನ ಹಬ್ಬಿನಲ್ಲಿ ಡೈನಮೊ. ಟೈರಿಗೆ ಉಜ್ಜುವ ನಮ್ಮ ಹಳೇ ಬಾಟ್ಲಿ ಡೈನಮೊ ಎಳೆಯುವ ಹಾಗೆ ಇದು ಎಳೆಯುವುದೇ ಇಲ್ಲ. ನಾನು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಮುಂದಿನ ಚಕ್ರ ತಿರುಗಿಸಿ ಔಟ್ ಇದೆಯಾ, ಅಂದರೆ ರಿಮ್ಮು ವಾಲಾಡುತ್ತದೆಯಾ ಅಂತ ನೋಡತೊಡಗಿದಾಗ ಅಂಗಡಿ ಹುಡುಗ ಗಾಬರಿಯಾದ. ಔಟ್ ಇತ್ತು, ಸ್ವಲ್ಪ. ಕಡ್ಡಿ ಬಿಗಿ ಮಾಡುವ ಕೀಲಿ ಇಸಿದುಕೊಂಡು ನಾನೇ ತೆಗೆದೆ. ಆಮೇಲೆ ಅವನು ಬಂದು ಕೈ ಕುಲುಕಿ, ಒಂದು ಟ್ಯೂಬು ಜಾಸ್ತಿ ಕೊಟ್ಟ.

ಹೋಗುವವರು ಗಮನಿಸಲೇಬೇಕಾದ ವಿಷಯ ಬ್ರೇಕು. ನಮ್ಮಲ್ಲಿ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ. ಅಲ್ಲಿ ಎಡಗೈದು ಮುಂದಿನ ಚಕ್ರಕ್ಕೆ. ಅಭ್ಯಾಸಬಲದಿಂದ ಎಡಗೈಯಲ್ಲಿ ಗಟ್ಟಿಯಾಗಿ ಒತ್ತಿದರೆ ಮುಂದಿನ ಚಕ್ರ ಕಚ್ಚಿಕೊಂಡು ಹ್ಯಾಂಡಲ್ ಮೇಲಿಂದ ಹಾರುತ್ತೀರಿ. ರಸ್ತೆಯಲ್ಲೂ ಬಲಗಡೆ ಹೋಗಬೇಕು. ಹೊರಡುವ ಮುಂಚೆ ಖಾಲಿ ಜಾಗದಲ್ಲಿ ನಾಲ್ಕು ಸುತ್ತು ಹೊಡೆದು ಕೈಗೆ ಪಾಠ ಮಾಡಿ. ಇನ್ನೊಂದು, ಅಲ್ಲಿ ಸಣ್ಣ ಮೂತಿಯ ವಾಲ್ವು ಬಹಳ ಸಿಗುತ್ತದೆ. ತುದಿಯಲ್ಲಿರುವ ಪುಟ್ಟ ನಟ್ಟು ಸಡಿಲಿಸಿ, ಒಮ್ಮೆ ಒತ್ತಿ, ಆಮೇಲೆ ಪಂಪು ಹಾಕಬೇಕು. ನಮ್ಮ ಪಂಪು ಅದಕ್ಕೆ ಕೂರುವುದಿಲ್ಲ. ಮುಕ್ಕಾಲು ಮಾರ್ಕ್ಸು ಯಾಕೆ ಅಂದರೆ ಸೀಟು. ಬಾಡಿಗೆ ಸೈಕಲ್ಲಿನ ಸೀಟು ಎಲ್ಲಾ ದೇಶದಲ್ಲೂ ಒಂದೇ ಜಾತಿ ಅಂತ ಕಾಣುತ್ತದೆ.

ದಾರಿಯ ಬಗ್ಗೆ ಹೇಳುವುದಾದರೆ, ಭದ್ರಾ ನಾಲೆ ಏರಿ ಮೇಲೆ ಬೆಳಿಗ್ಗೆ ಸೈಕಲ್ ಹೊಡೆದವರಿಗೆ ಅರ್ಧ ಅರ್ಥವಾಗುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಹೊಲ, ನಡುವೆ ಎತ್ತರದ ಏರಿ, ಅದರ ಮೇಲೆ ನೀವು. ಲ್ವಾರ್ ಪ್ರವಾಹ ತಡೆಯಲು ನೂರಾರು ವರ್ಷಗಳಿಂದ ಕಟ್ಟುತ್ತಾ ಬಂದ ಏರಿ ಅದು. ಆದರೂ 1846, 1856, 1866ರಲ್ಲಿ ನದಿ ಏರಿ ಒಡೆದು ನುಗ್ಗಿದೆ. ನದಿ ಪಕ್ಕದ ಊರುಗಳಲ್ಲಿ ಗೋಡೆ ಮೇಲೆ ಗೆರೆ ಕೊರೆದು ಇಸವಿ ಬರೆದಿದ್ದಾರೆ. ಒಂದು ಕಡೆ 1856ರ ಗೆರೆ ನನ್ನ ತಲೆಗಿಂತ ಮೇಲಿತ್ತು. ಬೇಸಿಗೆಯಲ್ಲಿ ನೋಡಿದರೆ ಇದೇ ನದಿಯಾ ಅನಿಸುತ್ತದೆ. ಮರಳು ದಿಬ್ಬ, ನಡುವೆ ತೆಳ್ಳಗೆ ಹರಿಯುವ ನೀರು, ಚಪ್ಪಟೆ ತಳದ ಮರದ ದೋಣಿಗಳು. ಆಳ ಇಲ್ಲ ಅಂತ ಈಜಲು ಇಳಿಯಬೇಡಿ. ಮರಳು ಕುಸಿಯುತ್ತದೆ, ಸೆಳವೂ ಇದೆ.

ಬೋರ್ಡುಗಳು ಎಲ್ಲಾ ತಿರುವಿನಲ್ಲೂ ಇವೆ. ಮೊಬೈಲ್ ನೋಡುವ ಅಗತ್ಯವೇ ಬೀಳಲಿಲ್ಲ. ಎಲ್ಲ ಕಡೆ ಸೈಕಲ್ಲಿಗೇ ಬೇರೆ ದಾರಿ ಇದೆ ಅಂದುಕೊಳ್ಳಬೇಡಿ, ಸುಮಾರು ಕಡೆ ಹಳ್ಳಿ ರಸ್ತೆಯಲ್ಲೇ ಹೋಗಬೇಕು. ಆದರೆ ಊರ ಹೊರಗೆ ಸೈಕಲ್ ದಾಟುವ ಕಾರು ಒಂದೂವರೆ ಮೀಟರ್ ದೂರ ಬಿಡಬೇಕು ಅನ್ನುವುದು ಕಾನೂನು. ಬಿಡುತ್ತಾರೆ ಕೂಡ. ಜಾಗ ಸಿಗುವ ತನಕ ಹಾರ್ನ್ ಹೊಡೆಯದೆ ಹಿಂದೆ ಹಿಂದೆಯೇ ಬರುತ್ತಾರೆ. ನಮಗೆ ಅದೇ ಮುಜುಗರ, ಪಕ್ಕಕ್ಕೆ ನಿಂತು ಹೋಗಿ ಹೋಗಿ ಅಂತ ಕೈ ತೋರಿಸುತ್ತಿದ್ದೆವು.

ಇಡೀ ದಾರಿಯಲ್ಲಿ ನನಗೆ ಬಹಳ ಹಿಡಿಸಿದ್ದು ಸೊಮ್ಯೂರ್ ಬಿಟ್ಟ ಮೇಲಿನ ಮೊದಲ ತುಂಡು. ಅಲ್ಲಿ ಮಾತ್ರ ಸ್ವಲ್ಪ ಏರಿಳಿತ ಇದೆ, ದ್ರಾಕ್ಷಿ ತೋಟದ ನಡುವೆ ಹತ್ತಬೇಕು. ಆ ಸೀಮೆಯ ಕಲ್ಲು ತ್ಯುಫೊ ಅಂತ, ಬೆಳ್ಳಗಿನ ಮೆತ್ತನೆ ಸುಣ್ಣಕಲ್ಲು. ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಅರಮನೆಗಳಿಗೆ ಕಲ್ಲು ತೆಗೆದು ತೆಗೆದು ಗುಡ್ಡದಲ್ಲಿ ಉಳಿದ ಗುಹೆಗಳಲ್ಲಿ ಜನ ಮನೆ ಮಾಡಿಕೊಂಡಿದ್ದಾರೆ. ಬಂಡೆಗೆ ಬಾಗಿಲು, ಕಿಟಕಿ, ಕಿಟಕಿಗೆ ಲೇಸಿನ ಪರದೆ, ಮೇಲೆ ದ್ರಾಕ್ಷಿ ತೋಟದ ನಡುವೆ ಹೊಗೆ ಕೊಳವೆ. ಕೆಲವು ಗುಹೆಗಳಲ್ಲಿ ಅಣಬೆ ಬೆಳೆಯುತ್ತಾರೆ. ಸುಜೇ ಅನ್ನುವ ಹಳ್ಳಿಯಲ್ಲಿ ಸೈಕಲ್ ದಾರಿಯೇ ಬಂಡೆಯೊಳಗೆ ನುಗ್ಗುತ್ತದೆ. ಹೊರಗೆ ಬಿಸಿಲು, ಒಳಗೆ ಒಮ್ಮೆಲೇ ತಂಪು, ಹಸಿ ಸುಣ್ಣದ ವಾಸನೆ. ಪಕ್ಕದ ಗೋಡೆಯಲ್ಲಿ ಹಳೇ ಮನೆಗಳ ಬಾಗಿಲು. ಸೀಲಿಂಗ್ ಮೇಲೆ ಕಲ್ಲು ಕೊರೆದವರ ಉಳಿಯ ಗೀರು ಹಾಗೇ ಇದೆ. ಡೈನಮೊ ದೀಪ ಹಾಕಿಕೊಂಡು ನಿಧಾನ ಹೋದೆವು. "ರೀ, ಇಲ್ಲಿ ಫ್ಯಾನೇ ಬೇಡ" ಅಂದಳು ಹೆಂಡತಿ. ದಾವಣಗೆರೆ ಏಪ್ರಿಲ್ ನೆನಪಾಗಿರಬೇಕು.

ಅದೇ ಸೀಮೆಯಲ್ಲಿ ಗುಹೆ ಹೋಟೆಲುಗಳಿವೆ. ಅಲ್ಲಿನ ವಿಶೇಷ ಫುಯೇ. ಹಿಟ್ಟಿನ ಸಣ್ಣ ಉಂಡೆ ತಟ್ಟಿ ಸೌದೆ ಒಲೆಯೊಳಗೆ ಹಾಕುತ್ತಾರೆ. ನೋಡನೋಡುತ್ತಲೇ ಉಬ್ಬಿ ಒಳಗೆ ಟೊಳ್ಳಾಗುತ್ತದೆ. ಬಿಸಿಬಿಸಿ ಸೀಳಿ ಒಳಗೆ ಬೆಣ್ಣೆ, ಬೇಯಿಸಿದ ಬಿಳಿ ಹುರುಳಿಕಾಯಿ ಬೀಜ, ಮೇಕೆ ಹಾಲಿನ ಚೀಸು, ಅಣಬೆ ತುಂಬಿ ತಿನ್ನಬೇಕು. ಹಂದಿ ಮಾಂಸದ್ದೂ ಒಂದು ಬಟ್ಟಲು ಬರುತ್ತದೆ. ಬೇಡ ಅಂತ ಮೊದಲೇ ಹೇಳಬೇಕು. ಟ್ರಿಪ್ಪಿನಲ್ಲಿ ನಾವು ಹೊಟ್ಟೆ ತುಂಬ ಉಂಡ ಊಟ ಅಂದರೆ ಇದೇ.

ಮುಂದೆ ಕಾಂದ್-ಸೇಂ-ಮಾರ್ತಾಂ. ವಿಯೆನ್ ನದಿ ಲ್ವಾರ್‌ಗೆ ಸೇರುವ ಜಾಗ. ಸಂತ ಮಾರ್ಟಿನ್ 397ರಲ್ಲಿ ತೀರಿಕೊಂಡಿದ್ದು ಇದೇ ಊರಲ್ಲಿ. ಇಗರ್ಜಿಯ ಮೇಲಿನ ದಾರಿ ಹತ್ತಿದರೆ ಎರಡೂ ನದಿ ಒಟ್ಟಿಗೆ ಕಾಣುತ್ತವೆ. ಸಂಗಮ ನೋಡಲು ಕೂಡಲಿಗೆ ಹೋಗುವ ಜನ ನಾವು, ಅಲ್ಲೂ ಒಂದು ಗಂಟೆ ಕೂತೆವು. ಪಕ್ಕದ ಮೊಂಸೊರೊ ಕೂಡ ಚಂದದ ಊರು. ಶಿನೋಂ ಕೋಟೆಯನ್ನು ಕೆಳಗಿನಿಂದಲೇ ನೋಡಿದೆವು. ಚಿತ್ರದುರ್ಗದ ಕೋಟೆ ಹತ್ತಿ ಸಾಕಾದವರಿಗೆ ಅದೇನು ಹೊಸದಲ್ಲ.

ವಿಲಾಂದ್ರಿಯಲ್ಲಿ ಮಾತ್ರ ಅರ್ಧ ದಿನ ಇಟ್ಟುಕೊಳ್ಳಿ. ಜೊವಾಕಿಂ ಕಾರ್ವಾಯೊ ಅನ್ನುವ ಸ್ಪೇನಿನ ಮನುಷ್ಯ 1906ರಲ್ಲಿ ಅಲ್ಲಿನ ಅರಮನೆ ಕೊಂಡು ತೋಟವನ್ನು ಹೊಸದಾಗಿ ಕಟ್ಟಿದ. ತರಕಾರಿ ತೋಟವೇ ಒಂಬತ್ತು ಚೌಕಗಳು. ಎಲೆಕೋಸು, ಬೀಟ್‌ರೂಟ್, ಕುಂಬಳ ಎಲ್ಲವನ್ನೂ ಬಣ್ಣ ನೋಡಿ ರಂಗೋಲಿಯ ಲೆಕ್ಕದಲ್ಲಿ ನೆಟ್ಟಿದ್ದಾರೆ. ವರ್ಷಕ್ಕೆ ಎರಡು ಸಲ ಬದಲಿಸುತ್ತಾರಂತೆ. ನನ್ನ ಹೆಂಡತಿ ನೇರಳೆ ಕೋಸಿನ ಸಾಲಿನ ಮುಂದೆ ನಿಂತು "ಇದರಲ್ಲಿ ಒಂದಾದರೂ ಪಲ್ಯ ಮಾಡ್ತಾರಾ ಇಲ್ವಾ, ಕೇಳ್ರೀ" ಅಂದಳು. ಯಾರನ್ನು ಕೇಳಲಿ? ಅಲ್ಲಿಂದ ತೂರ್ ಪಟ್ಟಣಕ್ಕೆ ಶೇರ್ ನದಿ ಪಕ್ಕದ ದಾರಿ. ನೆರಳು ಜಾಸ್ತಿ, ತುಳಿದದ್ದೇ ಗೊತ್ತಾಗುವುದಿಲ್ಲ. ಆಂಬ್ವಾಜ್‌ನಲ್ಲಿ ಲಿಯೊನಾರ್ಡೊ ಡಾ ವಿಂಚಿ ಕೊನೆಯ ದಿನ ಕಳೆದ ಮನೆ ಇದೆ, 1519ರಲ್ಲಿ ಅಲ್ಲೇ ತೀರಿಕೊಂಡ. ಒಳಗೆ ಅವನ ಚಿತ್ರ ನೋಡಿ ಮಾಡಿದ ಯಂತ್ರಗಳ ಮಾದರಿ ಇಟ್ಟಿದ್ದಾರೆ. ಗೇರು, ಹಲ್ಲಿನ ಚಕ್ರ ಇರುವ ಕಡೆ ನನ್ನನ್ನು ಎಬ್ಬಿಸಲು ಹೆಂಡತಿಗೆ ಸಾಕುಸಾಕಾಯಿತು.

ಊಟದ ಕಷ್ಟ ಹೇಳುತ್ತೇನೆ. ಹಳ್ಳಿ ಹೋಟೆಲಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಊಟ ಶುರು, ಎರಡಕ್ಕೆ ಅಡುಗೆಮನೆ ಬಂದ್. ಎರಡೂಕಾಲು ಗಂಟೆಗೆ ಹೋಗಿ ಕೈ ಮುಗಿದರೂ ಕಾಫಿ ಬಿಟ್ಟು ಏನೂ ಸಿಗುವುದಿಲ್ಲ. ಸಂಜೆ ಏಳರ ತನಕ ಕಾಯಬೇಕು. ಸಿಕ್ಕರೂ ಸಸ್ಯಾಹಾರಕ್ಕೆ ಮೇಕೆ ಚೀಸಿನ ಸಲಾಡು, ಇಲ್ಲವೇ ಆಮ್ಲೆಟ್ಟು. ನಾವು ಮೊಟ್ಟೆ ತಿನ್ನುವುದಿಲ್ಲ. ಹಾಗಾಗಿ ಬೆಳಿಗ್ಗೆಯೇ ಬೇಕರಿಯಲ್ಲಿ ಒಂದು ಯೂರೊ ಚಿಲ್ಲರೆಗೆ ಉದ್ದನೆ ಬ್ರೆಡ್ಡು ಕೊಂಡು ಕ್ಯಾರಿಯರ್‌ಗೆ ಕಟ್ಟುತ್ತಿದ್ದೆವು. ಸೇಂತ್-ಮೋರ್ ಅನ್ನುವ ಮೇಕೆ ಚೀಸು ಆ ಸೀಮೆದೇ. ಉದ್ದ ಉರುಳೆ, ನಡುವೆ ಒಂದು ಹುಲ್ಲಿನ ಕಡ್ಡಿ ತೂರಿಸಿರುತ್ತಾರೆ. ಬ್ರೆಡ್ಡು ಸೀಳಿ, ಈ ಚೀಸು ಸವರಿ, ಮೇಲೆ ಮನೆಯ ಶೇಂಗಾ ಚಟ್ನಿಪುಡಿ ಉದುರಿಸಿ ನದಿ ಪಕ್ಕದ ಬೆಂಚಿನ ಮೇಲೆ ತಿಂದರೆ ಅದರ ಮಜವೇ ಬೇರೆ. ಜೊತೆಗೆ ಖಾರ ಮಂಡಕ್ಕಿ. ಪಕ್ಕದ ಬೆಂಚಿನ ಅಜ್ಜಿಗೆ ಒಂದು ಹಿಡಿ ಕೊಟ್ಟೆವು. ಕಣ್ಣಲ್ಲಿ ನೀರು ಬಂದರೂ ಮತ್ತೆ ಕೈ ಚಾಚಿದರು. ಚಟ್ನಿಪುಡಿ, ಅವಲಕ್ಕಿ, ಮಂಡಕ್ಕಿ ಒಯ್ಯಿರಿ. ತುಪ್ಪ, ಬೆಣ್ಣೆ, ಪೇಡ ಬೇಡ. ಹಾಲಿನ ಪದಾರ್ಥ ಹೊರಗಿನಿಂದ ಯುರೋಪಿಗೆ ತರುವ ಹಾಗಿಲ್ಲ.

ಈಗ ಲಗೇಜ್ ಕಂಪನಿ. ಬೆಳಿಗ್ಗೆ ಸೂಟ್‌ಕೇಸ್ ರಿಸೆಪ್ಶನ್‌ನಲ್ಲಿ ಬಿಟ್ಟರೆ ವ್ಯಾನಿನಲ್ಲಿ ಮುಂದಿನ ಊರಿಗೆ ಮುಟ್ಟಿಸುತ್ತಾರೆ. ಮೈ ಮೇಲೆ ಭಾರವಿಲ್ಲದೆ ಸೈಕಲ್ ಹೊಡೆಯಬಹುದು, ದುಡ್ಡು ಕೊಟ್ಟಿದ್ದಕ್ಕೆ ಮೋಸವಿಲ್ಲ ಅನಿಸಿತ್ತು. ಆಂಬ್ವಾಜ್‌ನಲ್ಲಿ ಸಂಜೆ ಐದಕ್ಕೆ ಬರಬೇಕಾದ ಸೂಟ್‌ಕೇಸ್ ರಾತ್ರಿ ಹತ್ತಾದರೂ ಇಲ್ಲ. ಫೋನು ಮಾಡಿದರೆ ರೆಕಾರ್ಡ್ ಮಾಡಿದ ಹೆಂಗಸಿನ ಧ್ವನಿ. ಹೆಂಡತಿಯ ಬಿಪಿ ಮಾತ್ರೆ ಅದರೊಳಗೇ ಇತ್ತು. ಕೊನೆಗೆ ಹಿಂದಿನ ಊರಿನ ಲಾಡ್ಜಿನವರೇ ತಮ್ಮ ಕಾರಿನಲ್ಲಿ ತಂದುಕೊಟ್ಟರು, ಅದೂ ಒಂದು ಪೈಸೆ ಮುಟ್ಟದೆ. ಕಂಪನಿಯಿಂದ ಬಂದದ್ದು ಕ್ಷಮಾಪಣೆಯ ಒಂದು ಮೇಲ್ ಅಷ್ಟೇ. ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಯಾವತ್ತೂ ಸೈಕಲ್ಲಿನ ಚೀಲದಲ್ಲೇ ಇರಲಿ.

ಲಾಡ್ಜ್ ಹುಡುಕುವಾಗ ಆಕ್ಯೂಯ್ ವೆಲೊ ಅನ್ನುವ ಬೋರ್ಡು ನೋಡಿ. ದಾರಿಯಿಂದ ಐದು ಕಿ.ಮೀ ಒಳಗಿದ್ದು, ಸೈಕಲ್ ಇಡಲು ಬೀಗದ ಜಾಗ, ರಿಪೇರಿ ಸಾಮಾನು ಇದ್ದರೆ ಮಾತ್ರ ಆ ಬೋರ್ಡು ಸಿಗುತ್ತದೆ. ನಾವು ಉಳಿದ ಕಡೆಯೆಲ್ಲ ಇದು ಸರಿಯಾಗಿತ್ತು.

ಬ್ಲ್ವಾದಿಂದ ಶಾಂಬೋರ್‌ಗೆ ಹೋಗಿಬರಬಹುದು. ಕಾಡಿನ ಸುತ್ತ 32 ಕಿ.ಮೀ ಕಾಂಪೌಂಡ್ ಗೋಡೆ, ನಡುವೆ ಅರಮನೆ. ಜೋಡಿ ಸುರುಳಿ ಮೆಟ್ಟಿಲು ಚೆನ್ನಾಗಿದೆ, ಹತ್ತುವವರಿಗೆ ಇಳಿಯುವವರು ಎದುರಾಗುವುದಿಲ್ಲ. ಆದರೆ ಜನಜಂಗುಳಿ. ನನಗಂತೂ ಆ ಕಾಡಿನ ರಸ್ತೆಯೇ ಹೆಚ್ಚು ಇಷ್ಟವಾಯಿತು.

ಪ್ಯಾಕೇಜ್ ಮಾರುವವರು ದಿನಕ್ಕೆ 50 ಕಿ.ಮೀ ಪ್ಲಾನ್ ಕೊಡುತ್ತಾರೆ. ಒಪ್ಪಬೇಡಿ, 30 ಸಾಕು. ಸುಸ್ತಾದರೆ ಪಟ್ಟಣಗಳ ನಡುವೆ ಲೋಕಲ್ ರೈಲಿದೆ, ಸೈಕಲ್ ಗುರುತಿನ ಬೋಗಿಯಲ್ಲಿ ಸೈಕಲ್ ನೇತುಹಾಕಿ ಹೋಗಬಹುದು. ಮೇ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ವೀಸಾಕ್ಕೆ ಫೀಸು 90 ಯೂರೊ, ಜೊತೆಗೆ 30,000 ಯೂರೊ ಕವರ್ ಇರುವ ಇನ್ಶೂರೆನ್ಸ್ ಕೇಳುತ್ತಾರೆ. ಸಣ್ಣ ಹಳ್ಳಿಯಲ್ಲಿ ಉಳಿಯುವುದಾದರೆ ಅದು ಸೋಮವಾರ ಬೀಳದ ಹಾಗೆ ನೋಡಿಕೊಳ್ಳಿ. ಅವತ್ತು ಬಹಳ ಕಡೆ ಬೇಕರಿಯೂ ರಜೆ.